ಮೂರನೇ ಪೆಗ್‌ಗೂ ಮುಂಚೆ: ಕುಡಿದು ಗಲಾಟೆ ಮಾಡುವ ಪ್ರಯಾಣಿಕರನ್ನು ಕ್ಯಾಬಿನ್ ಕ್ರೂ ನಿಭಾಯಿಸುವುದು ಹೇಗೆ?

"ಅಕ್ಕಾ, ಕುಡಿದವರು ಮೈಮೇಲೆ ಬಂದರೆ ಏನು ಮಾಡೋದು?" ಕ್ಯಾಬಿನ್ ಕ್ರೂ ಕೆಲಸಕ್ಕೆ ಸೇರುವ ಮಕ್ಕಳು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯಿಂದ ಬಂದವರು. ಸಂದರ್ಶನ ಪಾಸಾದ ಖುಷಿ ಒಂದು ಕಡೆ, ಮನೆಯವರ ಆತಂಕ ಇನ್ನೊಂದು ಕಡೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಇದು ಭಾರತದ ವಿಮಾನ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗಾಗಿ ಬರೆದದ್ದು. ನಿಮ್ಮ ಕಂಪನಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಆದರೆ ಒಂದು ಮಾತು ಎಲ್ಲಾ ಕಂಪನಿಗಳಿಗೂ ಒಂದೇ. ಈ ಕೆಲಸದ ಮುಕ್ಕಾಲು ಪಾಲು ಗಲಾಟೆ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಕೈ ಕಟ್ಟುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಎರಡನೇ ಪೆಗ್ ಕೊಡುವಾಗ ಏನು ನೋಡಬೇಕು ಅಂತ ಕೇಳುವವರು ಕಡಿಮೆ. ನಿಮಗೆ ಕೆಲಸಕ್ಕೆ ಬರುವುದು ಆ ಎರಡನೇ ಪ್ರಶ್ನೆಯ ಉತ್ತರ.

ಮೊದಲು ಇಷ್ಟು ಗೊತ್ತಿರಲಿ

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಹಾಗಂತ ಅಲ್ಲಿ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಕುಡಿದೇ ಹತ್ತುವವರು ಇರುತ್ತಾರೆ, ಕೋಲಾ ಬಾಟಲಿಯಲ್ಲಿ ರಮ್ ಬೆರೆಸಿಕೊಂಡು ಬರುವವರೂ ಇರುತ್ತಾರೆ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ನಾವೇ ಕೊಡುತ್ತೇವೆ, ಆದ್ದರಿಂದ ಜವಾಬ್ದಾರಿಯೂ ಜಾಸ್ತಿ.

ಪ್ರಯಾಣಿಕರ ಕಿರಿಕಿರಿ ಹೆಚ್ಚುತ್ತಿದೆ ಅನ್ನುವುದು ಬರೀ ನಮ್ಮ ಅನಿಸಿಕೆ ಅಲ್ಲ. ವಿಮಾನ ಸಂಸ್ಥೆಗಳ ಜಾಗತಿಕ ಒಕ್ಕೂಟ ಐಎಟಿಎ ಕೊಟ್ಟ ಲೆಕ್ಕದಲ್ಲಿ 2021ರಲ್ಲಿ ಪ್ರತಿ 835 ಹಾರಾಟಕ್ಕೆ ಇಂಥ ಒಂದು ಘಟನೆ ಆಗಿತ್ತು. 2022ರಲ್ಲಿ 568ಕ್ಕೆ ಒಂದು, 2023ರಲ್ಲಿ 480ಕ್ಕೆ ಒಂದು. ಇದರಲ್ಲಿ ಎಲ್ಲವೂ ಕುಡಿತದ್ದಲ್ಲ, ಆದರೆ ಕುಡಿತ ದೊಡ್ಡ ಕಾರಣಗಳಲ್ಲೊಂದು.

ಮೇಲೆ ಹೋದಾಗ ದೇಹಕ್ಕೆ ಏನಾಗುತ್ತದೆ ಅಂತಲೂ ತಿಳಿದಿರಿ. ಹಾರುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ. ಅಂದರೆ ನಿಮ್ಮ ಪ್ರಯಾಣಿಕ ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕಿಂತ ಮೇಲೋ ಕೂತು ಕುಡಿಯುತ್ತಿದ್ದಾನೆ. ಆಮ್ಲಜನಕ ಕಡಿಮೆ, ಗಾಳಿ ಒಣ. ಜೊತೆಗೆ ನಿದ್ದೆ ಇಲ್ಲ, ಊಟ ಸರಿಯಾಗಿಲ್ಲ, ಸಿಗರೇಟು ಸೇದುವ ಹಾಗಿಲ್ಲ. ಕೆಲವರು ಹಾರಾಟದ ಭಯಕ್ಕೆ ನಿದ್ದೆ ಮಾತ್ರೆಯನ್ನೂ ನುಂಗಿರುತ್ತಾರೆ. ಮಾತ್ರೆಯ ಮೇಲೆ ಮದ್ಯ ಬಿದ್ದರೆ ಶಾಂತ ಸ್ವಭಾವದ ಮನುಷ್ಯನೂ ಬೇರೆಯೇ ಆಗಿಬಿಡಬಹುದು.

ಇನ್ನು ನಿಯಮ. 'ಅನ್‌ರೂಲಿ ಪ್ಯಾಸೆಂಜರ್' ಅಂದರೆ ಸೂಚನೆ ಪಾಲಿಸದೆ ವಿಮಾನದ ಶಿಸ್ತು, ಸುರಕ್ಷತೆ ಕೆಡಿಸುವ ಪ್ರಯಾಣಿಕ. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2017ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮದಲ್ಲಿ ಇಂಥವರ ನಡತೆಯನ್ನು ಮೂರು ಹಂತ ಮಾಡಿದೆ. ಈ ಮೂರನ್ನು ಬಾಯಿಪಾಠ ಮಾಡಿ, ಕ್ಯಾಪ್ಟನ್ ಹತ್ತಿರ ನೀವು ಮಾತಾಡುವುದು ಇದೇ ಭಾಷೆಯಲ್ಲಿ.

ಲೆವೆಲ್ 1: ಬಾಯಿಮಾತು, ಸನ್ನೆ, ಬೈಗುಳ, ಅಮಲಿನ ಕಿರಿಕಿರಿ. ಮೂರು ತಿಂಗಳವರೆಗೆ ಹಾರಾಟ ನಿಷೇಧ.
ಲೆವೆಲ್ 2: ಮೈಗೆ ಕೈ ಹಾಕುವುದು. ತಳ್ಳುವುದು, ಒದೆಯುವುದು, ಹಿಡಿದೆಳೆಯುವುದು, ಅಸಭ್ಯವಾಗಿ ಮುಟ್ಟುವುದು. ಆರು ತಿಂಗಳವರೆಗೆ.
ಲೆವೆಲ್ 3: ಜೀವಕ್ಕೇ ಅಪಾಯ. ಕತ್ತು ಹಿಸುಕುವುದು, ವಿಮಾನದ ವ್ಯವಸ್ಥೆಗೆ ಹಾನಿ ಮಾಡುವುದು, ಕಾಕ್‌ಪಿಟ್‌ಗೆ ನುಗ್ಗಲು ನೋಡುವುದು. ಕನಿಷ್ಠ ಎರಡು ವರ್ಷ.

ಶಿಕ್ಷೆ ತೀರ್ಮಾನಿಸುವುದು ನೀವಲ್ಲ. ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿ 30 ದಿನದೊಳಗೆ ಅದನ್ನು ಮಾಡುತ್ತದೆ. ಆ ಸಮಿತಿಯ ಮುಂದೆ ಹೋಗುವುದು ನೀವು ಬರೆದ ಕಾಗದ. ಇದು ನೆನಪಿರಲಿ, ಒಂಬತ್ತನೇ ಹಂತದಲ್ಲಿ ಮತ್ತೆ ಬರುತ್ತದೆ.

ಹಂತ 1: ಬಾಗಿಲಲ್ಲೇ ನೋಡಿ

ಬೋರ್ಡಿಂಗ್ ವೇಳೆ ನೀವು ನಮಸ್ಕಾರ ಹೇಳುವುದು ಬರೀ ಮರ್ಯಾದೆಗಲ್ಲ. ಅದು ನಿಮ್ಮ ಮೊದಲ ತಪಾಸಣೆ. ನಮಸ್ಕಾರ ಹೇಳಿ ಒಂದು ಪ್ರಶ್ನೆ ಕೇಳಿ: "ಸೀಟ್ ನಂಬರ್ ಎಷ್ಟು ಸರ್?" ಉತ್ತರ ತಡವಾಗುತ್ತದಾ, ನಾಲಿಗೆ ತೊದಲುತ್ತದಾ, ಬೋರ್ಡಿಂಗ್ ಪಾಸ್ ಹಿಡಿದ ಕೈ ನಡುಗುತ್ತದಾ, ಕಣ್ಣು ಕೆಂಪಗಿದೆಯಾ, ಉಸಿರಲ್ಲಿ ವಾಸನೆ ಇದೆಯಾ ನೋಡಿ. ಎರಡು ಸೆಕೆಂಡ್ ಸಾಕು.

ಅನುಮಾನ ಬಂದರೆ ಬಾಗಿಲಲ್ಲಿ ವಾದ ಬೇಡ. ಸೀಟ್ ನಂಬರ್ ನೆನಪಿಟ್ಟುಕೊಂಡು ಸೀನಿಯರ್‌ಗೆ ತಿಳಿಸಿ. ಅವರು ಹೋಗಿ ಮಾತಾಡಿಸಿ, ಬೇಕೆನಿಸಿದರೆ ಕ್ಯಾಪ್ಟನ್‌ಗೆ ಹೇಳುತ್ತಾರೆ. ಇಳಿಸಬೇಕೋ ಬೇಡವೋ ಅನ್ನುವುದು ಕ್ಯಾಪ್ಟನ್ ನಿರ್ಧಾರ. ಹೀಗೆ ಇಳಿಸುವುದಕ್ಕೆ 'ಆಫ್‌ಲೋಡ್' ಅನ್ನುತ್ತಾರೆ.

ತುಂಬಾ ಜನ ತಪ್ಪುವುದು ಇಲ್ಲೇ. ಒಬ್ಬರನ್ನು ಆಫ್‌ಲೋಡ್ ಮಾಡಿದರೆ ಅವರ ಲಗೇಜನ್ನೂ ಹುಡುಕಿ ಕೆಳಗಿಳಿಸಬೇಕು. ವಿಮಾನ ತಡವಾಗುತ್ತದೆ. ಗ್ರೌಂಡ್ ಸ್ಟಾಫ್ ಗಡಿಯಾರ ನೋಡುತ್ತಿರುತ್ತಾರೆ. "ಬಿಡಿ, ಮಲಗಿಬಿಡ್ತಾರೆ" ಅಂತ ಯಾರೋ ಹೇಳುತ್ತಾರೆ. ಆ ಮಾತನ್ನು ನಂಬಬೇಡಿ. ನೆಲದ ಮೇಲೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಮೇಲೆ ಹೋದ ಮೇಲೆ ಹತ್ತು ಗಂಟೆ ನಿಮ್ಮನ್ನು ಕಾಡುತ್ತದೆ. ನಾನು ಹೊಸಬಳಾಗಿದ್ದಾಗ ಒಮ್ಮೆ ಬಾಗಿಲಲ್ಲಿ ವಾಸನೆ ಬಂದರೂ ಹೇಳದೆ ಸುಮ್ಮನಿದ್ದೆ, ಎಲ್ಲಿ ಬೈಸಿಕೊಳ್ಳಬೇಕಾಗುತ್ತದೋ ಅನ್ನುವ ಹೆದರಿಕೆ. ಆ ರಾತ್ರಿ ನನ್ನ ಜೊತೆಯ ಹುಡುಗಿ ಕಪಾಳಕ್ಕೆ ಏಟು ತಿಂದಳು. ಹೇಳಿ ಬೈಸಿಕೊಂಡರೂ ಪರವಾಗಿಲ್ಲ, ಹೇಳಿ.

ಹಂತ 2: ಲೆಕ್ಕ ಇಡಿ

ನಮ್ಮಲ್ಲಿ ಸಿಂಗಲ್ ಪೆಗ್ ಅಂದರೆ 30 ಮಿಲಿ. ಟ್ರಾಲಿಯಲ್ಲಿ ಸಿಗುವ ಪುಟ್ಟ ಬಾಟಲಿ ಸಾಮಾನ್ಯವಾಗಿ 50 ಮಿಲಿ. ಅಂದರೆ ಒಂದು ಬಾಟಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪೆಗ್. "ಎರಡೇ ಕೊಟ್ಟಿದ್ದು" ಅಂತ ನೀವು ಅಂದುಕೊಳ್ಳುವಷ್ಟರಲ್ಲಿ ಮೂರಕ್ಕಿಂತ ಜಾಸ್ತಿ ಒಳಗೆ ಹೋಗಿರುತ್ತದೆ. ಒಂದು ಪೆಗ್‌ನಷ್ಟು ಮದ್ಯ ಕರಗಿಸಲು ಲಿವರ್‌ಗೆ ಸುಮಾರು ಒಂದು ಗಂಟೆ ಬೇಕು. ಕಾಫಿ ಕುಡಿಸಿದರೆ, ಮುಖ ತೊಳೆಸಿದರೆ ಅದು ಬೇಗ ಆಗುವುದಿಲ್ಲ. ಕಾಫಿ ಕುಡಿದವನು ಎಚ್ಚರವಾಗಿರುವ ಕುಡುಕನಾಗುತ್ತಾನೆ ಅಷ್ಟೇ.

ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆ ಮೂಲೆಯಲ್ಲಿ, ಒಂದು ಚೀಟಿ ಅಂಟಿಸಿ. ಸೀಟ್ ನಂಬರ್, ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ. ಯಾಕೆಂದರೆ ಬುದ್ಧಿವಂತ ಪ್ರಯಾಣಿಕ ಮುಂದಿನ ಗ್ಯಾಲಿಯಲ್ಲಿ ಒಂದು, ಹಿಂದಿನ ಗ್ಯಾಲಿಯಲ್ಲಿ ಒಂದು, ಟ್ರಾಲಿ ಬಂದಾಗ ಒಂದು ತಗೊಳ್ಳುತ್ತಾನೆ. ಮೂವರು ಕ್ರೂಗೂ ಅದು ಅವನ ಮೊದಲ ಪೆಗ್. ಶಿಫ್ಟ್ ಬದಲಾಗಿ ನೀವು ವಿಶ್ರಾಂತಿಗೆ ಹೋಗುವಾಗ ಚೀಟಿಯನ್ನು ತೋರಿಸಿ, ಬಾಯಲ್ಲೂ ಹೇಳಿ ಹೋಗಿ.

ಸ್ವಂತ ಬಾಟಲಿ, ಡ್ಯೂಟಿ ಫ್ರೀ ಬಾಟಲಿ ತೆರೆದು ಕುಡಿಯುವ ಹಾಗಿಲ್ಲ. ಕಂಡರೆ ಮರ್ಯಾದೆಯಿಂದ ಕೇಳಿ ತಗೊಂಡು, ಹೆಸರು ಸೀಟ್ ನಂಬರ್ ಬರೆದಿಡಿ. ಇಳಿಯುವಾಗ ವಾಪಸ್ ಕೊಡುತ್ತೇವೆ ಅಂದರೆ ಹೆಚ್ಚಿನವರು ಕೊಡುತ್ತಾರೆ.

ಹಂತ 3: ಹಸಿರು, ಹಳದಿ, ಕೆಂಪು

ಟ್ರಾಫಿಕ್ ಲೈಟ್ ಲೆಕ್ಕ ಇದು. 2023ರ ಜನವರಿಯಲ್ಲಿ ಏರ್ ಇಂಡಿಯಾ ತನ್ನ ಮದ್ಯ ನೀತಿ ತಿದ್ದಿದಾಗ ಇದನ್ನೇ ಸೇರಿಸಿತು. ಮಾತು ಸ್ಪಷ್ಟ, ನಡಿಗೆ ನೇರ, ಹಸನ್ಮುಖಿ ಅಂದರೆ ಹಸಿರು. ದನಿ ಏರಿದೆ, ಅಕ್ಕಪಕ್ಕದವರನ್ನು ಮಾತಿಗೆಳೆಯುತ್ತಿದ್ದಾನೆ, ಕಾಲ್ ಬಟನ್ ಪದೇ ಪದೇ ಒತ್ತುತ್ತಿದ್ದಾನೆ, ಬೇಗ ಬೇಗ ಖಾಲಿ ಮಾಡುತ್ತಿದ್ದಾನೆ ಅಂದರೆ ಹಳದಿ. ತೊದಲು, ತೂರಾಟ, ಸಿಟ್ಟು, ಅಳು ಕಂಡರೆ ಕೆಂಪು.

ಕೆಂಪಿಗೆ ಬಂದ ಮೇಲೆ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಕೆಲಸ ಇರುವುದು ಹಳದಿಯಲ್ಲಿ. ಹಳದಿ ಕಂಡ ತಕ್ಷಣ ಊಟ ಮುಂದಿಡಿ. ಕಡಲೆಬೀಜ, ಸ್ಯಾಂಡ್‌ವಿಚ್, ಏನಿದೆಯೋ ಅದು. ಕೇಳದೆಯೇ ದೊಡ್ಡ ಲೋಟ ನೀರು ಇಡಿ. ಮುಂದಿನ ಪೆಗ್ ತರುವುದನ್ನು ನಿಧಾನ ಮಾಡಿ. ನೀವೇ ಹೋಗಿ "ಇನ್ನೊಂದು ಬೇಕಾ ಸರ್?" ಅಂತ ಕೇಳಬೇಡಿ.

ಹಂತ 4: "ಇನ್ನು ಸಾಕು" ಅಂತ ಹೇಳುವುದು

ಹೊಸಬರಿಗೆ ಅತಿ ಕಷ್ಟವಾಗುವ ಹಂತ ಇದು. ನಮ್ಮ ಮನೆಗಳಲ್ಲಿ ಅತಿಥಿಗೆ "ಸಾಕು" ಅನ್ನುವ ಅಭ್ಯಾಸವೇ ಇಲ್ಲ, ಅಲ್ವಾ? ಬೇಡ ಬೇಡ ಅಂದರೂ ಇನ್ನೊಂದು ಸೌಟು ಬಡಿಸಿಯೇ ಗೊತ್ತು. ಅದರ ಮೇಲೆ ಟಿಕೆಟ್‌ಗೆ ದುಡ್ಡು ಕೊಟ್ಟವರು, ವಯಸ್ಸಿನಲ್ಲಿ ದೊಡ್ಡವರು. ಬಾಯಿ ಏಳುವುದಿಲ್ಲ. ಅದಕ್ಕೇ ವಾಕ್ಯಗಳನ್ನು ಮೊದಲೇ ಕಲಿತಿಟ್ಟುಕೊಳ್ಳಿ.

ಹೇಳುವ ಮುಂಚೆ ಒಬ್ಬ ಸಹೋದ್ಯೋಗಿಗೆ ತಿಳಿಸಿ, ಅವರು ಎರಡು ಮೂರು ಸಾಲು ಹಿಂದೆ ನಿಂತಿರಲಿ. ನೀವು ಪ್ರಯಾಣಿಕನ ಎದುರು ನೆಟ್ಟಗೆ ನಿಲ್ಲಬೇಡಿ, ಸ್ವಲ್ಪ ಓರೆಯಾಗಿ, ಒಂದು ಕೈ ಅಳತೆ ದೂರದಲ್ಲಿ ನಿಲ್ಲಿ. ಮೇಲಿಂದ ಬಗ್ಗಿ ನೋಡುತ್ತಾ ಮಾತಾಡಿದರೆ ಗದರಿಸಿದ ಹಾಗಿರುತ್ತದೆ, ಆದ್ದರಿಂದ ಮಂಡಿ ಬಗ್ಗಿಸಿ ಕಣ್ಣಿನ ಮಟ್ಟಕ್ಕೆ ಬನ್ನಿ. ಆದರೆ ಥಟ್ಟನೆ ಎದ್ದು ಹಿಂದೆ ಸರಿಯಲು ಆಗುವಂತಿರಿ. ದನಿ ತಗ್ಗಿರಲಿ, ಅಕ್ಕಪಕ್ಕದ ಸಾಲಿಗೆ ಕೇಳಬಾರದು. ನಾಲ್ಕು ಜನರ ಮುಂದೆ ಮಾನ ಹೋಯಿತು ಅನ್ನಿಸಿದರೆ ಕುಡಿದವನು ಹಿಂದೆ ಸರಿಯುವುದಿಲ್ಲ.

ಹೀಗೆ ಹೇಳಿ: "ಸರ್, ಸದ್ಯಕ್ಕೆ ನಾನು ಇನ್ನು ಡ್ರಿಂಕ್ಸ್ ಕೊಡೋಕೆ ಆಗೋದಿಲ್ಲ. ಊಟ ಬಿಸಿ ಇದೆ, ತರಲಾ? ಜ್ಯೂಸ್ ಬೇಕಾ, ಮಜ್ಜಿಗೆ ಬೇಕಾ?" ನೋಡಿ, ಇಲ್ಲಿ 'ನೀವು ಜಾಸ್ತಿ ಕುಡಿದಿದ್ದೀರಿ' ಅಂತ ಎಲ್ಲೂ ಬರಲಿಲ್ಲ. ಅವರ ಬಗ್ಗೆ ತೀರ್ಪು ಇಲ್ಲ, ನೀವು ಏನು ಮಾಡಬಲ್ಲಿರಿ ಅನ್ನುವುದಷ್ಟೇ ಇದೆ. ಜೊತೆಗೆ ಆಯ್ಕೆ ಮಾಡಲು ಏನಾದರೂ ಕೊಟ್ಟಿದ್ದೀರಿ.

"ಯಾಕೆ ಕೊಡಲ್ಲ? ದುಡ್ಡು ಕೊಟ್ಟಿದ್ದೀನಿ" ಅಂದರೆ: "ನಿಮಗೆ ಬೇಜಾರಾಗಿದೆ ಅಂತ ಅರ್ಥವಾಗುತ್ತೆ ಸರ್. ಎತ್ತರದಲ್ಲಿ ಬೇಗ ಏರುತ್ತೆ, ನಿಮ್ಮ ಸುರಕ್ಷತೆ ನನ್ನ ಜವಾಬ್ದಾರಿ." ಇದನ್ನೇ ಬೇಕಾದರೆ ಮೂರು ಸಲ ಹೇಳಿ. ಪ್ರತಿ ಸಲ ಹೊಸ ಕಾರಣ ಕೊಡಬೇಡಿ. ಹೊಸ ಕಾರಣ ಕೊಟ್ಟಷ್ಟೂ ವಾದಕ್ಕೆ ಹೊಸ ಹಿಡಿ ಸಿಗುತ್ತದೆ.

ಗಂಡಸು ಹೆಂಗಸು ಯಾರೇ ಇರಲಿ, ಈ ಮೂರು ಮಾತ್ರ ಮಾಡಬೇಡಿ. "ಕಾಮ್ ಡೌನ್" ಅನ್ನಬೇಡಿ, ಅದನ್ನು ಕೇಳಿ ತಣ್ಣಗಾದವರನ್ನು ನಾನು ನೋಡಿಲ್ಲ. ಭುಜ ಮುಟ್ಟಿ ಸಮಾಧಾನ ಮಾಡಬೇಡಿ. "ಇದೇ ಕೊನೇದು" ಅಂತ ಒಪ್ಪಂದ ಮಾಡಿಕೊಂಡು ಇನ್ನೊಂದು ಕೊಡಬೇಡಿ. ಆ ಕೊನೆಯ ಪೆಗ್ ಒಳಗೆ ಹೋಗಿ ಕೆಲಸ ಮಾಡುವುದು ಇನ್ನರ್ಧ ಗಂಟೆ ಆದ ಮೇಲೆ. ಮತ್ತೊಂದು ವಿಷಯ. ನೀವು ಬೇಡ ಅಂದ ಮೇಲೆ ಇನ್ನೊಬ್ಬ ಕ್ರೂ ಹೋಗಿ ಕೊಟ್ಟರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಆದ್ದರಿಂದ ಒಬ್ಬರು ನಿಲ್ಲಿಸಿದರೆ ಎಲ್ಲರೂ ನಿಲ್ಲಿಸಿದ ಹಾಗೆ.

ಜೊತೆಯಲ್ಲಿ ಹೆಂಡತಿ, ಗೆಳೆಯ ಇದ್ದರೆ ಅವರ ಸಹಾಯ ಕೇಳಬಹುದು. ಆದರೆ ಮೊದಲು ಅವರ ಮುಖ ನೋಡಿ. ಹೆಂಡತಿ ತಲೆ ತಗ್ಗಿಸಿ ಹೆದರಿ ಕೂತಿದ್ದರೆ ಅವರ ಮೇಲೆ ಭಾರ ಹಾಕಬೇಡಿ. ಅವರಿಗೂ ರಕ್ಷಣೆ ಬೇಕಿರಬಹುದು.

ಹಂತ 5: ಇದು ಕುಡಿತವಾ, ಕಾಯಿಲೆಯಾ?

ಸಕ್ಕರೆ ಕಾಯಿಲೆ ಇರುವವರಿಗೆ ರಕ್ತದಲ್ಲಿ ಸಕ್ಕರೆ ಇಳಿದರೆ ತೊದಲುತ್ತಾರೆ, ತೂರಾಡುತ್ತಾರೆ, ರೇಗುತ್ತಾರೆ, ಬೆವರುತ್ತಾರೆ. ಸಕ್ಕರೆ ವಿಪರೀತ ಏರಿ ಕೀಟೋನ್ ಹೆಚ್ಚಾದವರ ಉಸಿರಿಗೆ ಹಣ್ಣಿನಂಥ ಸಿಹಿ ವಾಸನೆ ಇರುತ್ತದೆ. ಅವಸರದಲ್ಲಿ ಅದು ಮದ್ಯದ ವಾಸನೆ ಅನ್ನಿಸುತ್ತದೆ. ಪಾರ್ಶ್ವವಾಯು ಹೊಡೆದವರೂ ತೊದಲುತ್ತಾರೆ. ಫಿಟ್ಸ್ ಬಂದು ಹೋದವರು, ತಲೆಗೆ ಪೆಟ್ಟಾದವರು ಏನೇನೋ ಮಾತಾಡುತ್ತಾರೆ.

ಆದ್ದರಿಂದ ಚೀಟಿ ನೋಡಿ. ಒಂದೇ ಬಿಯರ್ ಕೊಟ್ಟಿದ್ದು, ಆದರೂ ಹೀಗಾಡುತ್ತಿದ್ದಾರೆ ಅಂದರೆ ಅನುಮಾನ ಪಡಿ. "ಶುಗರ್ ಇದೆಯಾ? ಮಾತ್ರೆ ಏನಾದರೂ ತಗೊಂಡಿದ್ದೀರಾ?" ಅಂತ ಅವರನ್ನೂ ಜೊತೆಯವರನ್ನೂ ಕೇಳಿ. ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯಾ ನೋಡಿ. ಎರಡೂ ಕೈ ಎತ್ತಲು ಹೇಳಿ. ಅನುಮಾನ ಇದ್ದರೆ ವೈದ್ಯರಿಗಾಗಿ ಅನೌನ್ಸ್ ಮಾಡಿಸಿ. ಕಾಯಿಲೆಯವರನ್ನು ಕುಡುಕ ಅಂತ ಕಟ್ಟಿ ಕೂರಿಸಿದರೆ ಅವರ ಜೀವವೇ ಹೋಗಬಹುದು.

ಕುಡಿದು ಗಾಢ ನಿದ್ದೆಗೆ ಹೋದವರನ್ನೂ ಮರೆಯಬೇಡಿ. "ಮಲಗಿದ, ಪೀಡೆ ತೊಲಗಿತು" ಅಂತ ಬಿಡುವುದು ದೊಡ್ಡ ತಪ್ಪು. ಹದಿನೈದು ನಿಮಿಷಕ್ಕೊಮ್ಮೆ ಹೋಗಿ ಉಸಿರು ನೋಡಿ. ಎಬ್ಬಿಸಿದರೆ ಏಳದಿದ್ದರೆ ಅದು ಗಲಾಟೆ ಕೇಸ್ ಅಲ್ಲ, ಮೆಡಿಕಲ್ ಎಮರ್ಜೆನ್ಸಿ.

ಹಂತ 6: ಗಲಾಟೆ ಶುರುವಾದರೆ

ಒಬ್ಬರೇ ಮಾತಾಡಿ. ಮೂವರು ಸುತ್ತುವರಿದು ಮೂರು ಮಾತು ಹೇಳಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಇನ್ನೊಬ್ಬರು ದೂರದಿಂದ ನೋಡುತ್ತಿರಲಿ, ಮತ್ತೊಬ್ಬರು ಇಂಟರ್‌ಫೋನ್‌ನಲ್ಲಿ ಕ್ಯಾಪ್ಟನ್‌ಗೆ ಹೇಳಲಿ. 180 ಸೀಟಿನ ವಿಮಾನದಲ್ಲಿ ನೀವಿರುವುದೇ ಸಾಮಾನ್ಯವಾಗಿ ನಾಲ್ಕು ಜನ. ಯಾರು ಯಾವ ಕೆಲಸ ಅಂತ ಹಾರುವ ಮುಂಚಿನ ಬ್ರೀಫಿಂಗ್‌ನಲ್ಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಕ್ಯಾಪ್ಟನ್‌ಗೆ ಹೇಳುವಾಗ ಕಥೆ ಬೇಡ. "ಕ್ಯಾಪ್ಟನ್, 22ಸಿ, ಗಂಡಸು, ಒಬ್ಬರೇ ಇದ್ದಾರೆ. ಲೆವೆಲ್ 1. ಎರಡು ವಿಸ್ಕಿ ಕೊಟ್ಟು ನಿಲ್ಲಿಸಿದ್ದೇವೆ. ಬೈಯುತ್ತಿದ್ದಾರೆ, ಇನ್ನೂ ಕೈ ಮಾಡಿಲ್ಲ. ಬಾಯಲ್ಲಿ ಎಚ್ಚರಿಕೆ ಕೊಟ್ಟಾಗಿದೆ. ಲಿಖಿತ ಎಚ್ಚರಿಕೆಗೆ ಒಪ್ಪಿಗೆ ಬೇಕು." ಇಷ್ಟು ಸಾಕು. ಕ್ಯಾಪ್ಟನ್ ಹೊರಗೆ ಬಂದು ಬುದ್ಧಿ ಹೇಳಲಿ ಅಂತ ಕಾಯಬೇಡಿ. ಕಾಕ್‌ಪಿಟ್ ಬಾಗಿಲು ಮುಚ್ಚಿಯೇ ಇರಬೇಕು. ಗಲಾಟೆ ನಡೆಯುವಾಗ ಆ ಬಾಗಿಲ ಹತ್ತಿರ ಒಬ್ಬರು ಇರಲೇಬೇಕು, ಊಟ ಕೊಡಲೂ ಬಾಗಿಲು ತೆರೆಸಬಾರದು.

ಕ್ರಮ ಹೀಗಿದೆ: ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ, ಕೊನೆಗೆ ಕಟ್ಟಿ ಹಾಕುವುದು. ಲಿಖಿತ ಎಚ್ಚರಿಕೆ ಅಂದರೆ ಕಂಪನಿಯ ಛಾಪಿಸಿದ ಕಾಗದ ಅಥವಾ ಕಾರ್ಡ್. ನಡತೆ ನಿಲ್ಲಿಸದಿದ್ದರೆ ಇಳಿದಾಗ ಪೊಲೀಸರಿಗೆ ಒಪ್ಪಿಸುತ್ತೇವೆ ಅಂತ ಅದರಲ್ಲಿರುತ್ತದೆ. ಅದನ್ನು ಕೈಗೆ ಕೊಟ್ಟ ಸಮಯ ಬರೆದಿಡಿ. ಹರಿದು ಬಿಸಾಡಿದರೆ ಚೂರುಗಳನ್ನೂ ಎತ್ತಿಡಿ, ಅದೂ ಸಾಕ್ಷಿ. ನೇರವಾಗಿ ಹೊಡೆದಾಟಕ್ಕೇ ಇಳಿದವನಿಗೆ ಕಾಗದ ಕೊಡುತ್ತಾ ಕೂರಬೇಕಿಲ್ಲ ಅನ್ನುವುದು ಬೇರೆ ಮಾತು.

ಹಂತ 7: ಪಕ್ಕದಲ್ಲಿ ಕೂತವರನ್ನು ನೋಡಿ

ಈ ಹಂತಕ್ಕೆ ತರಬೇತಿಯಲ್ಲಿ ಸಿಗುವ ಸಮಯ ಸಾಲದು ಅಂತ ನನ್ನ ಅಭಿಪ್ರಾಯ. ಎಲ್ಲರ ಕಣ್ಣೂ ಕುಡಿದವನ ಮೇಲೆ. ಏಟು ತಿಂದವರು, ಬೈಸಿಕೊಂಡವರು, ಮೈ ಮುಟ್ಟಿಸಿಕೊಂಡವರು ಸುಮ್ಮನೆ ಕೂತಿರುತ್ತಾರೆ. ಸುಮ್ಮನಿದ್ದಾರೆ ಅಂತ ನಾವೂ ಸುಮ್ಮನಾಗಿಬಿಡುತ್ತೇವೆ.

2022ರ ನವೆಂಬರ್ 26ರ ನ್ಯೂಯಾರ್ಕ್–ದೆಹಲಿ ಏರ್ ಇಂಡಿಯಾ ವಿಮಾನದ ಪ್ರಕರಣ ನಿಮಗೆ ನೆನಪಿರಬಹುದು. ಬಿಸಿನೆಸ್ ಕ್ಲಾಸ್‌ನಲ್ಲಿದ್ದ ಹಿರಿಯ ಮಹಿಳೆಯ ಮೇಲೆ ಕುಡಿದ ಪ್ರಯಾಣಿಕನೊಬ್ಬ ಮೂತ್ರ ಮಾಡಿದ ಅನ್ನುವ ಆರೋಪ. ಆತ ಅದನ್ನು ಆಮೇಲೆ ನಿರಾಕರಿಸಿದ. ಜನವರಿಯಲ್ಲಿ ದೆಹಲಿ ಪೊಲೀಸರು ಆತನನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಆ ಮಹಿಳೆ ಕೊಟ್ಟ ದೂರನ್ನು ಓದಿದಾಗ ನನಗೆ ಹೆಚ್ಚು ಸಂಕಟವಾಗಿದ್ದು ಆಮೇಲೆ ನಡೆದದ್ದಕ್ಕೆ. ಒದ್ದೆಯಾಗಿದ್ದ ಸೀಟಿಗೇ ವಾಪಸ್ ಹೋಗಲು ಹೇಳಿದರು, ತಾನು ಬೇಡ ಅಂದರೂ ಆತನನ್ನು ಎದುರಿಗೆ ಕರೆತಂದು ಕ್ಷಮೆ ಕೇಳಿಸಿದರು ಅಂತ ಅವರು ಬರೆದಿದ್ದರು. ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು, ಕ್ಯಾಪ್ಟನ್ ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಿತು.

ಆದ್ದರಿಂದ ಯಾವತ್ತೂ ರಾಜಿ ಮಾಡಿಸಬೇಡಿ. ಅದು ನಿಮ್ಮ ಕೆಲಸ ಅಲ್ಲ, ನಿಮಗೆ ಆ ಅಧಿಕಾರವೂ ಇಲ್ಲ. "ಅವರು ಸಾರಿ ಕೇಳ್ತಿದ್ದಾರೆ ಮೇಡಂ, ಬಿಟ್ಟುಬಿಡಿ" ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಬಾರದು. ತೊಂದರೆ ಕೊಟ್ಟವನನ್ನೂ ತೊಂದರೆ ಪಟ್ಟವರನ್ನೂ ಎದುರುಬದುರು ತರಬಾರದು.

ಮಾಡಬೇಕಾದ್ದು ಇಷ್ಟು. ಮೊದಲು ಅವರನ್ನು ಅಲ್ಲಿಂದ ಎಬ್ಬಿಸಿ. ಅದೇ ಕ್ಲಾಸ್‌ನಲ್ಲಿ ಸೀಟ್ ಇಲ್ಲದಿದ್ದರೆ ಬೇರೆ ಕ್ಲಾಸ್‌ನಲ್ಲಿ ಕೊಡಿಸಿ, ಕ್ಯಾಪ್ಟನ್ ಒಪ್ಪಿಗೆ ಕೇಳಿ. ಎಲ್ಲೂ ಇಲ್ಲದಿದ್ದರೆ ತೊಂದರೆ ಕೊಟ್ಟವನನ್ನು ದೂರ ಕೂರಿಸಿ. ಬಟ್ಟೆ ಕೆಟ್ಟಿದ್ದರೆ ವಿಮಾನದಲ್ಲಿರುವ ಪೈಜಾಮ, ಹೊದಿಕೆ, ಚಪ್ಪಲಿ ಕೊಡಿ. ಕೆಟ್ಟ ಬಟ್ಟೆಯನ್ನು ಕೇಳಿ ಚೀಲದಲ್ಲಿ ಕಟ್ಟಿಡಿ, ಬಿಸಾಡಬೇಡಿ. "ನಿಮಗೆ ಏನು ಬೇಕು? ಇಳಿದ ಮೇಲೆ ದೂರು ಕೊಡ್ತೀರಾ? ನಾವು ಪೊಲೀಸರನ್ನು ಬಾಗಿಲಿಗೇ ಕರೆಸುತ್ತೇವೆ" ಅಂತ ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಬ್ಬ ಕ್ರೂ ಕೊನೆಯವರೆಗೂ ಅವರ ಜೊತೆಗಿರಲಿ. ನಮ್ಮ ಕಡೆಯ ಹಿರಿಯರು "ಪರವಾಗಿಲ್ಲಮ್ಮ, ನೀನು ಕೆಲಸ ನೋಡ್ಕೋ" ಅಂದುಬಿಡುತ್ತಾರೆ. ಆ 'ಪರವಾಗಿಲ್ಲ' ನಂಬಿ ಹೊರಟುಬಿಡಬೇಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ಕೇಳಿ.

ಹಂತ 8: ಕಟ್ಟಿ ಹಾಕಲೇಬೇಕಾದರೆ

ಬೇರೆಲ್ಲ ದಾರಿ ಮುಗಿದ ಮೇಲೆ ಇದು. ಆದರೆ ಮುಗಿದ ಮೇಲೂ ಹಿಂಜರಿಯಬಾರದು. ಡಿಜಿಸಿಎ 2023ರ ಜನವರಿಯಲ್ಲಿ ಎಲ್ಲಾ ಸಂಸ್ಥೆಗಳಿಗೂ ಇದನ್ನು ನೆನಪಿಸಿತು. ಆದೇಶ ಕ್ಯಾಪ್ಟನ್‌ದು. 1963ರ ಟೋಕಿಯೋ ಒಪ್ಪಂದ ಕ್ಯಾಪ್ಟನ್‌ಗೆ ಈ ಅಧಿಕಾರ ಕೊಡುತ್ತದೆ. ಕ್ರೂಗೆ ಆದೇಶ ಕೊಡಬಹುದು, ಪ್ರಯಾಣಿಕರ ಸಹಾಯವನ್ನು ಕೇಳಬಹುದು ಅಷ್ಟೇ, ಬಲವಂತ ಮಾಡುವ ಹಾಗಿಲ್ಲ. ಯಾರೋ ಎಮರ್ಜೆನ್ಸಿ ಬಾಗಿಲಿಗೆ ಕೈ ಹಾಕಿದ್ದಾರೆ ಅನ್ನುವಂಥ ಹೊತ್ತಿನಲ್ಲಿ ಮಾತ್ರ ಆದೇಶಕ್ಕೆ ಕಾಯದೆ ಯಾರು ಬೇಕಾದರೂ ತಡೆಯಬಹುದು.

ಹೋಗುವ ಮುಂಚೆ ನಿಮ್ಮ ಕತ್ತಿನ ಸ್ಕಾರ್ಫ್, ಐಡಿ ಕಾರ್ಡ್ ದಾರ, ಜೇಬಿನ ಪೆನ್ ತೆಗೆದಿಡಿ. ಹಿಡಿದೆಳೆಯಲು ಏನೂ ಸಿಗಬಾರದು. ಬಿಸಿ ನೀರಿನ ಜಗ್, ಗಾಜಿನ ಲೋಟ ಹತ್ತಿರ ಇರಬಾರದು. ಹತ್ತಿರದ ಸಾಲಿನ ಮಕ್ಕಳನ್ನು, ವಯಸ್ಸಾದವರನ್ನು ಬೇರೆ ಕಡೆ ಕೂರಿಸಿ. ಸಹಾಯಕ್ಕೆ ಬರುವ ಪ್ರಯಾಣಿಕರು ಕುಡಿದಿರಬಾರದು. ಇದನ್ನು ಆತುರದಲ್ಲಿ ಮರೆಯುವುದು ಸುಲಭ.

ಕೈ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಬಿಗಿದ ಮೇಲೆ ನಿಮ್ಮ ಒಂದು ಬೆರಳು ಒಳಗೆ ಹೋಗುತ್ತದಾ ನೋಡಿ. ಕತ್ತರಿಸುವ ಸಾಧನ ಎಲ್ಲಿದೆ ಅಂತ ಮೊದಲೇ ಗೊತ್ತಿರಬೇಕು. ಎಮರ್ಜೆನ್ಸಿ ಬಾಗಿಲಿಂದ ದೂರದ ಸಾಲಿನಲ್ಲಿ, ಕಿಟಕಿ ಪಕ್ಕ ಕೂರಿಸಿ. ಜೇಬಿನಲ್ಲಿ ಲೈಟರ್, ಪೆನ್ ಇದ್ದರೆ ತೆಗೆದಿಡಿ.

ಇದನ್ನು ದಪ್ಪ ಅಕ್ಷರದಲ್ಲಿ ಮನಸ್ಸಲ್ಲಿ ಬರೆದುಕೊಳ್ಳಿ: ಬೋರಲು ಮಲಗಿಸಬೇಡಿ, ಬೆನ್ನಿನ ಮೇಲೋ ಕತ್ತಿನ ಮೇಲೋ ಮಂಡಿ ಊರಬೇಡಿ, ಬಾಯಿ ಮುಚ್ಚಬೇಡಿ. ಕುಡಿದವನಿಗೆ ಎದೆ ಒತ್ತಿದರೆ ಉಸಿರು ಕಟ್ಟುತ್ತದೆ. ವಾಂತಿ ಬಂದರೆ ಉಸಿರ್ನಾಳಕ್ಕೆ ಹೋಗುತ್ತದೆ. ಕಟ್ಟಿದ ಮೇಲೆ ಒಬ್ಬಂಟಿ ಬಿಡಬೇಡಿ. ಉಸಿರು, ಬೆರಳ ಬಣ್ಣ, ಎಚ್ಚರ ಇದೆಯಾ ಅಂತ ಆಗಾಗ ನೋಡಿ, ನೋಡಿದ ಸಮಯ ಬರೆಯಿರಿ. ನೀರು ಕೇಳಿದರೆ ಕುಡಿಸಿ. ಕಟ್ಟಿದ ಕ್ಷಣದಿಂದ ಆತನ ಜೀವದ ಹೊಣೆ ಪೂರ್ತಿ ನಿಮ್ಮದು. ತುರ್ತಾಗಿ ಎಲ್ಲರನ್ನೂ ಇಳಿಸಬೇಕಾಗಿ ಬಂದರೆ ಆತನ ಪಟ್ಟಿ ಕತ್ತರಿಸುವವರು ಯಾರು ಅಂತ ಲ್ಯಾಂಡಿಂಗ್‌ಗೂ ಮುಂಚೆ ತೀರ್ಮಾನ ಮಾಡಿ.

"ಇನ್ನು ಸುಮ್ನಿರ್ತೀನಿ, ಬಿಚ್ಚಿ" ಅಂತ ಅಳುತ್ತಾರೆ. ಮನಸ್ಸು ಕರಗುತ್ತದೆ. ಉಸಿರಿನ ತೊಂದರೆ ಇಲ್ಲದಿದ್ದರೆ ಕ್ಯಾಪ್ಟನ್ ಹೇಳದೆ ಬಿಚ್ಚಬೇಡಿ.

ಹಂತ 9: ಇಳಿದ ಮೇಲೆ

ವಿಮಾನ ನಿಂತ ಕೂಡಲೇ ಎಲ್ಲರನ್ನೂ ಕೂರಲು ಹೇಳಿ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಭದ್ರತೆ ನೋಡಿಕೊಳ್ಳುವ ಕೇಂದ್ರ ಪಡೆ ಸಿಐಎಸ್‌ಎಫ್ ಸಿಬ್ಬಂದಿ ಒಳಗೆ ಬಂದು ಕರೆದುಕೊಂಡು ಹೋಗುತ್ತಾರೆ. ಆಮೇಲೆ ಸ್ಥಳೀಯ ಪೊಲೀಸ್. ಎಫ್‌ಐಆರ್ ದಾಖಲಿಸುವುದು ಸಂಸ್ಥೆಯ ಪ್ರತಿನಿಧಿಯ ಹೊಣೆ. ಇಳಿದ 12 ಗಂಟೆಯೊಳಗೆ ಡಿಜಿಸಿಎಗೆ ವರದಿ ಹೋಗಬೇಕು. ಇದು ಬರೀ ಕಾಗದದ ಶಾಸ್ತ್ರ ಅಲ್ಲ. 2022ರ ಡಿಸೆಂಬರ್ 6ರ ಪ್ಯಾರಿಸ್–ದೆಹಲಿ ವಿಮಾನದ ಘಟನೆಯನ್ನು ವರದಿ ಮಾಡಲಿಲ್ಲ ಅನ್ನುವ ಕಾರಣಕ್ಕೇ ಏರ್ ಇಂಡಿಯಾ 10 ಲಕ್ಷ ದಂಡ ತೆರಬೇಕಾಯಿತು.

ವರದಿ ಹೀಗಿರಬಾರದು: "ಪ್ರಯಾಣಿಕರು ವಿಪರೀತ ಕುಡಿದು ಎಲ್ಲರ ಜೊತೆ ಅಸಭ್ಯವಾಗಿ ನಡೆದುಕೊಂಡರು."

ಹೀಗಿರಲಿ: "ಸೀಟ್ 22ಸಿ. 18:40ಕ್ಕೆ ಮೊದಲ ವಿಸ್ಕಿ 50 ಮಿಲಿ, 19:15ಕ್ಕೆ ಎರಡನೆಯದು. 19:50ಕ್ಕೆ ಮೂರನೆಯದು ಕೇಳಿದರು, ಮಾತು ತೊದಲುತ್ತಿತ್ತು, ಕೊಡಲಿಲ್ಲ. 19:55ಕ್ಕೆ 22ಬಿಯಲ್ಲಿದ್ದ ಮಹಿಳೆಯ ಎಡ ಮುಂಗೈ ಹಿಡಿದೆಳೆದರು. ನಾನು 24ನೇ ಸಾಲಿನಿಂದ ನೋಡಿದೆ."

ಎರಡನೆಯದರಲ್ಲಿ 'ಅಸಭ್ಯ' ಅನ್ನುವ ಪದವೇ ಇಲ್ಲ, ಆದರೂ ಏನಾಯಿತು ಅಂತ ಕಣ್ಣಿಗೆ ಕಟ್ಟುತ್ತದೆ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಎಲ್ಲಾ ದೇಶಕ್ಕೂ ಸಾಮಾನ್ಯವಾದ ಗಡಿಯಾರದಲ್ಲಿ ಬರೆಯಿರಿ. ಬೈದಿದ್ದರೆ ಆ ಬೈಗುಳವನ್ನು ಇದ್ದ ಹಾಗೆಯೇ ಬರೆಯಿರಿ, ನಾಚಿಕೆ ಪಡಬೇಡಿ. ನೀವು ಕಂಡದ್ದು ಬೇರೆ, ಇನ್ನೊಬ್ಬರು ಹೇಳಿದ್ದು ಬೇರೆ, ಎರಡನ್ನೂ ಬೆರೆಸಬೇಡಿ. ಸಾಕ್ಷಿ ಹೇಳಲು ಒಪ್ಪುವ ಪ್ರಯಾಣಿಕರ ಫೋನ್ ನಂಬರ್ ಅವರು ಇಳಿಯುವ ಮುಂಚೆಯೇ ತಗೊಳ್ಳಿ. ಬ್ಯಾಗೇಜ್ ಬೆಲ್ಟ್ ಹತ್ತಿರ ಹೋದ ಮೇಲೆ ಯಾರೂ ಸಿಗುವುದಿಲ್ಲ.

ಹಂತ 10: ನಿಮ್ಮ ಮೈ ಮುಟ್ಟಿದ್ದರೆ

ಇದು ಹೆಣ್ಣುಮಕ್ಕಳು ದನಿ ತಗ್ಗಿಸಿ ಕೇಳುವ ಪ್ರಶ್ನೆ. ಹುಡುಗರಿಗೂ ಆಗುತ್ತದೆ, ಅವರು ಕೇಳುವುದೂ ಇಲ್ಲ. ಕುಡಿದಿದ್ದ ಅನ್ನುವುದು ಕಾರಣ ಅಲ್ಲ. ಯೂನಿಫಾರ್ಮ್ ಹಾಕಿದ ಮಾತ್ರಕ್ಕೆ ಅದು ಕೆಲಸದ ಭಾಗವೂ ಅಲ್ಲ. ಅದು ಲೆವೆಲ್ 2. ತಕ್ಷಣ ಸೀನಿಯರ್‌ಗೆ ಹೇಳಿ, ಆ ಸಾಲಿನ ಕೆಲಸ ಬೇರೆಯವರಿಗೆ ಬಿಡಿ, ನಿಮ್ಮ ಹೇಳಿಕೆಯನ್ನು ಬೇರೆಯಾಗಿಯೇ ಬರೆಯಿರಿ.

ಸಂಸ್ಥೆ ದೂರು ಕೊಟ್ಟರೂ ಕೊಡದಿದ್ದರೂ ನೀವೇ ಪೊಲೀಸರಿಗೆ ದೂರು ಕೊಡಬಹುದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಹೊರಗಿನವರಿಂದಲೂ ಮಹಿಳಾ ಉದ್ಯೋಗಿಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು, ದೂರು ಕೊಡಲು ನೆರವಾಗುವುದು ಸಂಸ್ಥೆಯ ಕರ್ತವ್ಯ. ಬಟ್ಟೆ ಒಗೆಯುವ ಮುಂಚೆ, ಗಾಯ ಮಾಯುವ ಮುಂಚೆ ಫೋಟೋ ತೆಗೆದಿಡಿ. ಗಾಯವಾಗಿದ್ದರೆ ವಿಮಾನ ನಿಲ್ದಾಣದ ವೈದ್ಯರ ಹತ್ತಿರ ಬರೆಸಿಕೊಳ್ಳಿ.

ಮುಂದಿನ ಸೆಕ್ಟರ್, ಅಂದರೆ ಮುಂದಿನ ಹಾರಾಟ, ಹಾರಲು ಆಗುವುದಿಲ್ಲ ಅನ್ನಿಸಿದರೆ ಹಾಗೆಂದು ಹೇಳಿ. ಕೈ ನಡುಗುತ್ತಿರುವಾಗ ಬಾಗಿಲು ಆಪರೇಟ್ ಮಾಡುವುದು ನಿಮಗೂ ಒಳ್ಳೆಯದಲ್ಲ, ಪ್ರಯಾಣಿಕರಿಗೂ ಅಲ್ಲ. ರೂಮಿಗೆ ಹೋಗಿ ಮನೆಗೊಂದು ಫೋನ್ ಮಾಡಿ. ಮತ್ತೆ, ನೀವು ಸಹಿ ಹಾಕಿದ ಪ್ರತಿ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ವಿಚಾರಣೆಗೆ ಕರೆಯುವಾಗ ತಿಂಗಳುಗಳೇ ಕಳೆದಿರಬಹುದು. ಆಗ ನೀವು ನೋಡುವುದು ಅದನ್ನೇ.